ಅತ್ತೆಯ ಅವರೆಕಾಯಿಗೆ ಜಪಾನಿ ದೇವರು

ಅತ್ತೆಯವರ ಜೊತೆ ಯಾವ ದೇವಸ್ಥಾನಕ್ಕೆ ಹೋದರೂ ಏನಾದರೊಂದು ಆಗದೆ ನಾವು ಮನೆಗೆ ಬಂದದ್ದಿಲ್ಲ. ಈ ಸಲ ದೇವರೂ ಹೊಸಬರು.

ಅಮೆರಿಕದ ಕಮ್ಮಿಂಗ್ ಊರಿನ ನಮ್ಮ ಹಿತ್ತಿಲಿನ ಅವರೆಯನ್ನು ಪ್ರತಿವರ್ಷ ಜಿಂಕೆಗಳೇ ತಿಂದು ಮುಗಿಸುತ್ತಿದ್ದವು. ಮೈಸೂರಿನಿಂದ ಬಂದ ಅತ್ತೆಗೆ ವಾಪಸ್ ಹೋಗುವುದರೊಳಗೆ ಸೊಗಡಿನ ಅವರೆಕಾಳಿನ ಸಾರು ಉಣ್ಣಲೇಬೇಕಿತ್ತು. ಕೆರೊಲಿನಾ ಬೆಟ್ಟದಲ್ಲಿ ಜಪಾನಿ ರೈತ ದಂಪತಿ ತಮ್ಮ ಜಮೀನಿನಲ್ಲಿ ಬೆಳೆಯ ದೇವರಿಗೆ ಪುಟ್ಟ ಗುಡಿ ಕಟ್ಟಿದ್ದಾರೆ, ಇನಾರಿ ಅಂತ ಹೆಸರು ಎಂದು ನನ್ನ ಗಂಡ ಬಾಯಿಬಿಟ್ಟರು. ಶನಿವಾರ ನಾವಿನ್ನೂ ಕಾಫಿ ಕುಡಿದಿರಲಿಲ್ಲ, ಅತ್ತೆ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡು ಕೂತಾಗಿತ್ತು.

ಚಪ್ಪಲಿ

ಅತ್ತೆ ಪಾರ್ಕಿಂಗ್ ಲಾಟಿನಲ್ಲೇ ಚಪ್ಪಲಿ ಬಿಟ್ಟರು. ಮುಂದೆಲ್ಲ ಜಲ್ಲಿಯ ದಾರಿ. ಗುಡಿ ನೋಡಿಕೊಳ್ಳುವ ಜಪಾನಿ ಅಜ್ಜಿ ಓಡಿಬಂದು, ಇಲ್ಲಿ ಬಿಡಬೇಕಾಗಿಲ್ಲ ಎಂದರು.

"ಪಾಪ, ಮರ್ಯಾದೆಗೆ ಹೇಳ್ತಿದಾರೆ," ಎಂದು ಅತ್ತೆ ಕುಂಟುತ್ತಲೇ ನಡೆದರು.

ಹಿಂದಿದ್ದ ಅಮೆರಿಕನ್ನರು, ಈಕೆಗೆ ಎಲ್ಲ ಗೊತ್ತಿದೆ ಎಂದುಕೊಂಡು ಒಬ್ಬೊಬ್ಬರಾಗಿ ಶೂ ಬಿಚ್ಚಿದರು. ತಾವೊಬ್ಬರೇ ಹಾಕಿಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು ಕೊನೆಗೆ ಆ ಅಜ್ಜಿಯೂ ಬಿಚ್ಚಿದರು.

ಸಂಕಲ್ಪ

ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿಯ ಪದ್ಧತಿ. ಅತ್ತೆ ಅದನ್ನು ಮುಗಿಸಿ, ಕೆನ್ನೆ ಬಡಿದುಕೊಂಡು, ನಿಂತಲ್ಲೇ ಒಂದು ಸುತ್ತು ಸುತ್ತಿ, ಗೋತ್ರ, ನಕ್ಷತ್ರ ಹೇಳಿದರು. ಆಮೇಲೆ ಮನೆಯ ಅಡ್ರೆಸ್, ಜಿಪ್ ಕೋಡ್ ಸಮೇತ.

"ಅಮ್ಮಾ, ದೇವರಿಗೆ ಜಿಪ್ ಕೋಡ್ ಯಾಕೆ?" ಎಂದರು ನನ್ನ ಗಂಡ.

"ಪಕ್ಕದ ಮನೆಯವರೂ ಅವರೆ ಹಾಕಿದಾರೆ ಕಣೋ."

ನಂತರ ಕಣ್ಣು ಮುಚ್ಚಿ ಜೋರಾಗಿ ಬೇಡಿಕೊಂಡರು: "ನಮ್ಮ ಅವರೆಗೆ ಯಾರೂ ಬಾಯಿ ಹಾಕದ ಹಾಗೆ ನೋಡ್ಕೊಳಪ್ಪ."

ನರಿ

ಗುಡಿಯ ಎರಡೂ ಕಡೆ ಕಲ್ಲಿನ ನರಿಗಳಿದ್ದವು. ನರಿ ಈ ದೇವರ ದೂತ, ಅದಕ್ಕೆ ಕರಿದ ತೋಫು ಇಷ್ಟ ಎಂದು ಅಜ್ಜಿ ವಿವರಿಸಿದ್ದರು. ಮನೆಗೆ ಬಂದವರೇ ಅತ್ತೆ ದಿನಾ ತೋಫು ಕರಿದು ಅವರೆ ಚಪ್ಪರದ ಕೆಳಗೆ ಇಡತೊಡಗಿದರು. ಸ್ವಲ್ಪ ದಿನಕ್ಕೆ ನಿಜವಾದ ನರಿಯೇ ಬಂತು. ಬಂದದ್ದು ಹೋಗಲಿಲ್ಲ. ಜಿಂಕೆಗಳು ದೂರದಿಂದಲೇ ನೋಡಿ ಹೊರಟುಹೋದವು.

ಚಪ್ಪರ ತುಂಬ ಕಾಯಿ ಬಿಟ್ಟಿತು. ಅತ್ತೆಯ ಮುಖ ನೋಡಿ ನನಗೂ ತುಂಬ ಸಂತೋಷವಾಯಿತು. ಬುಟ್ಟಿ ಹಿಡಿದು ಕೊಯ್ಯಲು ಹೋದರೆ ನರಿ ಹಲ್ಲು ಬಿಟ್ಟು ಗುರ್ರೆಂದಿತು. ನನ್ನ ಗಂಡ ಬಾರ್ಬೆಕ್ಯೂ ಗ್ರಿಲ್ಲಿನ ಉದ್ದ ಇಕ್ಕಳ ಹಿಡಿದು ಧೈರ್ಯವಾಗಿ ಹೋದರು, ಇಕ್ಕಳ ಅಲ್ಲೇ ಬಿಟ್ಟು ಬಂದರು.

"ತೋಫು ನಿಲ್ಸೋಣಮ್ಮ."

"ಕೆಲಸ ಸರಿಯಾಗಿ ಮಾಡ್ತಿರೋರಿಗೆ ಊಟ ನಿಲ್ಲಿಸ್ತಾರೇನೋ?"

ಅತ್ತೆ ಊರಿಗೆ ಹೊರಡುವ ಹಿಂದಿನ ದಿನ ಪಕ್ಕದೂರು ಅಲ್ಫರೆಟಾದ ಇಂಡಿಯನ್ ಅಂಗಡಿಯಿಂದ ಫ್ರೋಜನ್ ಅವರೆ ತಂದು ಸಾರು ಮಾಡಿದೆ. ಸೊಗಡಿನ ಸುಳಿವೇ ಇಲ್ಲ. ಚಪ್ಪರದಲ್ಲಿ ಒಣಗುತ್ತಿದ್ದ ಕಾಯಿಗಳನ್ನು ಕಿಟಕಿಯಿಂದ ನೋಡುತ್ತ ಅತ್ತೆ ಉಂಡರು.

"ದೇವರದ್ದೇನೂ ತಪ್ಪಿಲ್ಲಮ್ಮ," ಎಂದರು. "'ಯಾರೂ' ಅಂದ್ಬಿಟ್ಟೆ. 'ನಮ್ಮನ್ನ ಬಿಟ್ಟು' ಅನ್ನೋದು ಮರೆತೇಹೋಯ್ತು."