ಮೇಷ್ಟ್ರ ಡಬ್ಬಿಯೊಳಗಿನ ಸುಂಯ್

ಭೂಗೋಳದ ಮೇಷ್ಟ್ರಿಗೆ ಅವಮಾನವಾಗಿತ್ತು. ಅದೂ ಫೋನಿನಲ್ಲಿ, ಹೆಂಡತಿ ಮತ್ತು ತಾಯಿಯ ಸಮಕ್ಷಮದಲ್ಲಿ!

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಗ್ರಂಥಾಲಯವೊಂದಕ್ಕೆ ಅವರು ‘ಮಾರುತಗಳು’ ಎಂಬ ಅಧ್ಯಾಯವನ್ನು ಮನೆಯಲ್ಲೇ ಓದಿ ಕಳಿಸಿದ್ದರು. ಗ್ರಂಥಾಲಯದಾಕೆ ಫೋನ್ ಮಾಡಿ, “ಓದು ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಹಿಂದೆ ಸುಂಯ್ ಅಂತ ಒಂದು ಸದ್ದು ಬರ್ತಿದೆ. ಗಾಳಿ ಪಾಠ ಅಂತ ಬೇಕೂಂತಲೇ ಹಾಕಿದೀರಾ?” ಎಂದು ಕೇಳಿದರು. ಇಲ್ಲವೆಂದ ಮೇಲೆ, “ಹಾಗಾದ್ರೆ ಸೋಮವಾರದೊಳಗೆ ಸರಿಮಾಡಿ ಕಳಿಸಿ. ಮಕ್ಕಳಿಗೆ ಪರೀಕ್ಷೆ ಹತ್ರ ಬಂತು. ಆಗಲ್ಲ ಅಂದ್ರೆ ಬೇರೆ ಯಾರಿಗಾದ್ರೂ ಕೊಡ್ತೀವಿ” ಎಂದರು.

ಬೇರೆ ಯಾರಿಗಾದರೂ! ಮೈಕಿಲ್ಲದೆ ಕೊನೇ ಬೆಂಚಿನ ನಿದ್ರಾವಂತರನ್ನೂ ಎಬ್ಬಿಸಿದ ಕಂಠ ಅದು. ಅಂಥ ಕಂಠದಲ್ಲಿ ದೋಷವಿರಲು ಸಾಧ್ಯವೇ ಇಲ್ಲ. ಆದ್ದರಿಂದ ದೋಷ ಪ್ರಿಆಂಪಿನದು ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಪ್ರಿಆಂಪ್ ಎಂದರೆ ಮೈಕಿನಿಂದ ಬರುವ ಸಣ್ಣ ಸದ್ದನ್ನು ದೊಡ್ಡದು ಮಾಡಿ ಕಂಪ್ಯೂಟರಿಗೆ ದಾಟಿಸುವ ಒಂದು ಪುಟ್ಟ ಡಬ್ಬಿ. (ಈ ಕೆಲಸವನ್ನು ಮೇಷ್ಟ್ರ ತಾಯಿ ಯಾವ ಡಬ್ಬಿಯೂ ಇಲ್ಲದೆ ಮಾಡಬಲ್ಲರು.) ಅದನ್ನು ಅವರು ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡಿದ್ದರು.

“ಬಿಸಾಕಿ ಒಳ್ಳೇದೊಂದು ತಗೊಳ್ಳಿ” ಎಂದಳು ಹೆಂಡತಿ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ದಿನವಿಡೀ ಮೈಕಿನಲ್ಲಿ ಬಸ್ಸುಗಳನ್ನು ಕೂಗುವವಳು ಆಕೆ.

“ಹೊಸದನ್ನ ಯಾರು ಬೇಕಾದ್ರೂ ತರ್ತಾರೆ ಕಣೇ. ಹಳೇದನ್ನ ಉದ್ಧಾರ ಮಾಡೋದು ಪುರುಷಾರ್ಥ.”

“ಬಚ್ಚಲುಮನೆ ನಲ್ಲಿ ಸೋರ್ತಾ ಇದೆಯಲ್ಲ, ಅಲ್ಲಿ ಯಾಕೆ ಸುಮ್ನಿದೆ ನಿಮ್ಮ ಪುರುಷಾರ್ಥ?”

ಮೇಷ್ಟ್ರು ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು. ವಿಡಿಯೋಗಳನ್ನು ನೋಡಿ ಗಳಿಸಿದ ಅಗಾಧ ಪಾಂಡಿತ್ಯದೊಂದಿಗೆ ಊಟದ ಮೇಜಿನ ಮೇಲೆ ಡಬ್ಬಿಯ ಹೊಟ್ಟೆ ಬಗೆದರು. ಬೆಸುಗೆ ಕಡ್ಡಿ ಕಾಯಿಸಿ ಹಳೇ ಚಿಪ್ ಕಿತ್ತು ಹೊಸ ಚಿಪ್ ಕೂರಿಸಿದರು. ಕೆಪಾಸಿಟರುಗಳನ್ನು ಬದಲಿಸಿದರು. ಮೇಜಿನ ಬಟ್ಟೆಯ ಮೇಲೆ ಒಂದು ತೂತು ಬಿತ್ತು; ಮೇಷ್ಟ್ರ ಹೆಬ್ಬೆರಳಿನ ಮೇಲೆ ಒಂದು ಬೊಬ್ಬೆ ಎದ್ದಿತು; ಎರಡಕ್ಕೂ ಸೇರಿಸಿ ಹೆಂಡತಿ ಒಂದೇ ಬೊಬ್ಬೆ ಹೊಡೆದಳು.

ಡಬ್ಬಿ ಮುಚ್ಚಿ, ಕಿವಿಗೆ ಹೆಡ್‌ಫೋನ್ ಏರಿಸಿ, ಮೇಷ್ಟ್ರು ಓದಿದರು. ಕಂಠ ಗಂಟೆಯಂತೆ ಕೇಳಿಸಿತು. ಅದರ ಹಿಂದೆಯೇ, ಮೊದಲಿಗಿಂತ ಸ್ಪಷ್ಟವಾಗಿ, ‘ಸುಂಯ್’.

ಗೇನ್ ಎಂಬ ಗುಂಡಿ ತಿರುಗಿಸಿದರೆ ಸದ್ದು ಇನ್ನೂ ಹೆಚ್ಚಿತು. (ಗೇನ್ ಏರಿದಷ್ಟೂ ಲಾಸು ಎಂಬ ವ್ಯಾಪಾರವನ್ನು ಅವರು ಅಂದೇ ಕಂಡದ್ದು.) ಕರೆಂಟಿನದೇ ಕಿತಾಪತಿ ಎಂದು ಡಬ್ಬಿಗೆ ಬ್ಯಾಟರಿ ಹಾಕಿದರು. ಆಗಲೂ ಸುಂಯ್. ಇನ್ನು ಮನೆಯಲ್ಲಿ ಸಂಚು ನಡೆದಿರಲೇಬೇಕು. ಫ್ಯಾನು ನಿಂತಿತು. ಗೋಡೆ ಗಡಿಯಾರ ಹಾಸಿಗೆಗಳ ನಡುವೆ ಜೀವಂತ ಸಮಾಧಿಯಾಯಿತು. ಫ್ರಿಜ್ಜಿನ ಪ್ಲಗ್ ಕಿತ್ತಿದ್ದರಿಂದ ಹಾಲು ಒಡೆದು, ಮನೆಯೂ ಒಡೆಯುವ ಹಂತಕ್ಕೆ ಬಂತು.

“ನನ್ನ ಕೆಮ್ಮಿಗೂ ಪ್ಲಗ್ ಇದ್ರೆ ಕಿತ್ಕೊಂಡ್ಹೋಗಪ್ಪ” ಎಂದರು ತಾಯಿ.

“ಅಲ್ಲಾರೀ, ನಾನೊಂದ್ ಮಾತು ಹೇಳ್ತೀನಿ...” ಎಂದು ಹೆಂಡತಿ ಬಾಯಿ ತೆರೆದಳು.

“ಶ್! ರೆಕಾರ್ಡಿಂಗ್!”

“ಆ ಸದ್ದು ಎಲ್ಲಿಂದ ಬರ್ತಿದೆ ಅಂದ್ರೆ...”

“ಶ್ ಅಂದ್ನಲ್ಲ! ನಿನಗೆ ಎಲೆಕ್ಟ್ರಾನಿಕ್ಸ್ ಗೊತ್ತೇನೇ?”

ಭಾನುವಾರ ಸಂಜೆಯ ಹೊತ್ತಿಗೆ ಡಬ್ಬಿಯಲ್ಲಿ ಬದಲಾಯಿಸಲು ಉಳಿದದ್ದು ಡಬ್ಬಿ ಒಂದೇ. ಮೇಷ್ಟ್ರು ಹೆಡ್‌ಫೋನ್ ಕಿತ್ತೊಗೆದು, “ನನ್ ಕೈಲಾಗಲ್ಲ! ಆ ಮಕ್ಕಳಿಗೆ ಬೇರೆ ಯಾರಾದ್ರೂ ಓದ್ಲಿ!” ಎಂದು ಕುಸಿದು ಕೂತರು.

ಹೆಂಡತಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. “ಏಳಿ ಮೇಲೆ. ಸ್ವಲ್ಪ ಆ ಬಾಗಿಲ ಹತ್ರ ನಿಂತ್ಕೊಳ್ಳಿ” ಎಂದು ಅವರನ್ನೆಬ್ಬಿಸಿ ತಾನೇ ಮೈಕಿನ ಮುಂದೆ ಕೂತಳು. “ವಾಣಿಜ್ಯ ಮಾರುತಗಳು ಸಮಭಾಜಕ ವೃತ್ತದ ಕಡೆಗೆ ಬೀಸುತ್ತವೆ” ಎಂದು ಓದಿದಳು, ಅವು ಇನ್ನೇನು ಪ್ಲಾಟ್‌ಫಾರ್ಮ್ ಬಿಟ್ಟು ಹೊರಡಲಿವೆ ಎಂಬಂತೆ.

ಕೇಳಿ ನೋಡಿದರೆ ಸುಂಯ್ ಇಲ್ಲ! ಮೇಷ್ಟ್ರು ಹರ್ಷದಿಂದ ಓಡಿಬಂದು ಮೈಕಿನ ಮೇಲೆ ಬಗ್ಗಿದರು. ಕಂಪ್ಯೂಟರಿನಲ್ಲಿ ಸದ್ದಿನ ಏರಿಳಿತ ತೋರಿಸುವ ಹಸಿರು ಗೆರೆ ಜಿಗ್ಗನೆ ಎದ್ದಿತು. ಹಿಂದೆ ಸರಿದರು, ಗೆರೆ ಮಲಗಿತು. ಮತ್ತೆ ಬಗ್ಗಿದರು, ಎದ್ದಿತು.

“ನಿಮ್ಮ ಮೂಗು ರೀ ಅದು!” ಎಂದಳು ಹೆಂಡತಿ. “ಮದುವೆ ಆದಾಗಿಂದ ಆ ಸುಂಯ್ ಪಕ್ಕದಲ್ಲೇ ಮಲಗ್ತಿದೀನಿ. ನನಗೆ ಗೊತ್ತಾಗಲ್ವಾ?”

“ಚಿಕ್ಕಂದಿನಿಂದಲೂ ಹಾಗೇನೇ. ತೊಟ್ಟಿಲಲ್ಲಿ ಎದ್ದಿದಾನೋ ಮಲಗಿದಾನೋ ಅಂತ ನೋಡೋಕೇ ಹೋಗ್ತಿರಲಿಲ್ಲ ನಾನು” ಎಂದು ತಾಯಿಯೂ ಸಾಕ್ಷಿ ನುಡಿದರು.

ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವವರನ್ನು ಮೇಷ್ಟ್ರು ಕಂಡಿದ್ದರು. ತಮ್ಮ ಕೆಲಸದಲ್ಲಿ ತಮ್ಮದೇ ಮೂಗು ತೂರಿದ್ದು ಇದೇ ಮೊದಲು. ಛಲ ಬಿಡದೆ ಬಾಯಲ್ಲಿ ಉಸಿರಾಡಿ ಓದಿದರು. ಮಾರುತಗಳನ್ನು ನಾಯಿ ಅಟ್ಟಿಸಿಕೊಂಡು ಬಂದಂತಿತ್ತು. ಉಸಿರು ಕಟ್ಟಿ ಓದಿದರು. ಸಮಭಾಜಕ ವೃತ್ತ ತಲುಪುವ ಮೊದಲೇ ಕಣ್ಣು ಕತ್ತಲಿಟ್ಟಿತು. ಕೊನೆಗೆ ಇಡೀ ಅಧ್ಯಾಯವನ್ನು ಹೆಂಡತಿಯಿಂದಲೇ ಓದಿಸಿ ಕಳಿಸಿದರು.

ಸೋಮವಾರ ಗ್ರಂಥಾಲಯದಾಕೆ ಹಿಗ್ಗಿ ಹೀರೇಕಾಯಿಯಾಗಿದ್ದರು. “ಎಂಥ ಸ್ಪಷ್ಟ ಓದು ಸಾರ್! ಇಡೀ ಪುಸ್ತಕ ಅವರೇ ಓದ್ಲಿ. ಆ ನಿಮ್ಮ ಡಬ್ಬೀನೂ ಅಷ್ಟೇ, ತುಂಬಾ ಚೆನ್ನಾಗಿ ಕೇಳಿಸ್ಕೊಳ್ಳತ್ತೆ.”

ಈಗ ಹೆಂಡತಿ ಕೆಲಸ ಮುಗಿಸಿ ಬಂದು ಕದ ಹಾಕಿಕೊಂಡು ಓದುತ್ತಾಳೆ. ಮೇಷ್ಟ್ರು ಮನೆಯ ಹೊರಗೆ, ಮಹಡಿ ಮೆಟ್ಟಿಲ ಮೇಲೆ ಕೂತು, ಹತ್ತಿ ಇಳಿಯುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ನಿನ್ನೆ ಮೇಲಿನ ಮನೆಯವರು, “ಯಾಕೆ ಮೇಷ್ಟ್ರೇ ಇಲ್ಲಿ?” ಎಂದು ವಿಚಾರಿಸಿದರು.

“ಒಳಗೆ ರೆಕಾರ್ಡಿಂಗ್ ನಡೀತಿದೆ. ಪ್ರಿಆಂಪ್ ನಾನೇ ಮಾಡಿದ್ದು” ಎಂದರು ಮೇಷ್ಟ್ರು, ಎದೆಯುಬ್ಬಿಸಿ, ನೀಳವಾಗಿ ಉಸಿರೆಳೆದುಕೊಂಡು.

ಕದ ತೆರೆಯಿತು. ಹೆಂಡತಿ ಕತ್ತು ಹೊರಹಾಕಿದಳು.

“ರೀ, ಇನ್ನೂ ಕೇಳಿಸ್ತಿದೆ. ಇನ್ನೊಂದು ಮಹಡಿ ಕೆಳಗೆ ಹೋಗಿ.”