ಬಿನ್ನವತ್ತಳೆಗೊಂದು ಮೊಳೆ

ಎಲ್ಲಕ್ಕೂ ಮೂಲ ಮೂರಂಗುಲದ ಒಂದು ಮೊಳೆ. ಶನಿವಾರ ಬೆಳಿಗ್ಗೆ ಏಳು ಗಂಟೆಗೇ ನೀಹಾರಬಾಲಾ ಬಡಗಿಯನ್ನು ಕರೆಸಿ, ಕಲ್ಕತ್ತೆಯ ತಮ್ಮ ಬಾಡಿಗೆ ಮನೆಯ ನಡುಕೋಣೆಯ ಗೋಡೆಗೆ ಅದನ್ನು ಹೊಡೆಸಿದರು. ಅಲ್ಲಿದ್ದ ಕಾಳಿಮಾತೆಯ ಕ್ಯಾಲೆಂಡರು ಅಡುಗೆಮನೆಗೆ ವರ್ಗವಾಯಿತು. ಮೇಲೆ, ಕೆಳಗೆ, ಎಡಕ್ಕೆ ಎಂದು ನಿರ್ದೇಶನ ಕೊಡುತ್ತಿದ್ದವನು ಅವರ ತಮ್ಮ ಪಟೋಲ್. ಅವನಿಗೆ ರೈಲ್ವೆಯಲ್ಲಿ ದೊಡ್ಡ ಹುದ್ದೆ. ಹೀಗಾಗಿ ಮನೆಯಲ್ಲಿ ಏನು ನಡೆದರೂ ಹಸಿರು ಬಾವುಟ ಅವನೇ ತೋರಿಸಬೇಕು.

"ಇಷ್ಟು ಗಟ್ಟಿ ಮೊಳೆ ಯಾಕಕ್ಕಾ? ಜಾಮಾಯಿಬಾಬು ಬಗ್ಗೆ ಏನು ಬರೆದಿರ್ತಾರೆ ಅಷ್ಟೊಂದು? ಪುಸ್ತಕದಂಗಡೀಲಿ ಕೂತಿದ್ರು, ಈಗ ಎದ್ರು ಅಂತ ತಾನೆ?"

ಪೂರಿಯಂಥ ಲೂಚಿಯ ತಟ್ಟೆಯ ಮುಂದೆ ಕೂತಿದ್ದ ಅಕ್ಕನ ಗಂಡ ಭವತೋಷ ಸಾನ್ಯಾಲರು ಇನ್ನೊಂದು ತುತ್ತು ಮುರಿದರು. ಮದುವೆಯಾದಾಗಿನಿಂದ ಕೇಳುತ್ತಿರುವ ಮಾತು. ಅವರು ಕೂತಿದ್ದದ್ದು ಅಂಗಡಿಯಲ್ಲಲ್ಲ, ಕಾಲೇಜ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಮೇಘಪರ್ಣ ಪ್ರಕಾಶನದ ಸಂಪಾದಕರ ಕುರ್ಚಿಯಲ್ಲಿ, ಮೂವತ್ತೈದು ವರ್ಷ. ಬಂಗಾಳದ ದೊಡ್ಡ ದೊಡ್ಡ ಲೇಖಕರು ಅವರ ಕೆಂಪು ಪೆನ್ಸಿಲ್ ಕಂಡರೆ ಬೆವರುತ್ತಿದ್ದರು. ಅನಾದಿ ಮುಸ್ತಫಿಯ ಒಂಬೈನೂರು ಪುಟದ ಕಾದಂಬರಿಯನ್ನು ಅವರು ಇನ್ನೂರ ಹತ್ತಕ್ಕೆ ಇಳಿಸಿದಾಗ ಅನಾದಿ ಮೂರು ದಿನ ಊಟ ಬಿಟ್ಟಿದ್ದ. ಬಹುಮಾನ ಬಂದಾಗ ಸಂದೇಶ ಮಿಠಾಯಿಯ ಡಬ್ಬಿ ಹಿಡಿದು ಓಡಿಬಂದು ಕಾಲಿಗೆ ಬಿದ್ದಿದ್ದ. ಅದಕ್ಕಿಂತ ಭಯಂಕರ ಸಂಗತಿಯೆಂದರೆ ಭವತೋಷಬಾಬುಗಳು ತಾವು ಹೊಡೆದುಹಾಕಿದ ಒಂದು ವಾಕ್ಯವನ್ನೂ ಮರೆಯುತ್ತಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಸಿಕ್ಕ ಕವಿಗೂ ಅವನ ಸತ್ತ ಸಾಲುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು.

ಆದರೆ ಇದನ್ನೆಲ್ಲ ಭಾವಮೈದುನನಿಗೆ ತೋರಿಸುವುದು ಹೇಗೆ? ಸಂಪಾದಕನ ಹೆಸರು ಪುಸ್ತಕದ ಯಾವ ಮೂಲೆಯಲ್ಲೂ ಇರುವುದಿಲ್ಲ. ಹೊಸ ಪುಸ್ತಕ ಮನೆಗೆ ತಂದಾಗಲೆಲ್ಲ ನೀಹಾರಬಾಲಾ ಮೊದಲ ಪುಟ, ಕೊನೆಯ ಪುಟ ತಿರುವಿ, "ಇದರಲ್ಲೂ ಇಲ್ವೇನ್ರೀ?" ಎಂದು ಮೆಲ್ಲಗೆ ಕೇಳಿ ಕಪಾಟಿನಲ್ಲಿಡುತ್ತಿದ್ದರು. ಆ ಮೆಲುದನಿ ಪಟೋಲನ ಗೇಲಿಗಿಂತ ಹೆಚ್ಚು ಚುಚ್ಚುತ್ತಿತ್ತು. ಈ ದಿನ ಸಂಜೆ ನಿವೃತ್ತಿಯ ಸನ್ಮಾನ. ಬಿನ್ನವತ್ತಳೆಯನ್ನು ಎಲ್ಲರೆದುರು ಓದಿ, ಚೌಕಟ್ಟು ಹಾಕಿಸಿ ಕೊಡುತ್ತಾರೆ. ಹೆಂಡತಿಯ ಕಿವಿಗೆ ತಾವು ಮಾಡಿದ ಕೆಲಸದ ಮಾತು ಒಂದೇ ಒಂದು ಸಲ ಬೀಳಲಿ, ಸಾಕು ಎಂದು ಭವತೋಷಬಾಬುಗಳು ಒಳಗೊಳಗೇ ಹಂಬಲಿಸುತ್ತಿದ್ದರು. ಮೊಳೆಯ ಕಡೆ ಕದ್ದು ನೋಡಿ, ಛತ್ರಿ ತಗೊಂಡು ಟ್ರ್ಯಾಮ್ ಹತ್ತಿದರು.

ಕಚೇರಿಯಲ್ಲಿ ಅನಾದಿ ಮುಸ್ತಫಿ ಬಾಗಿಲಲ್ಲೇ ಕಾಯುತ್ತಿದ್ದ. ಸನ್ಮಾನ ಸಮಿತಿಗೆ ಅವನೇ ಕಾರ್ಯದರ್ಶಿ.

"ಬಿನ್ನವತ್ತಳೆ ಏನಾಯ್ತು ಅನಾದಿ?" ಭವತೋಷಬಾಬುಗಳು ಏನೂ ಆಸಕ್ತಿಯಿಲ್ಲದವರ ಹಾಗೆ ಕೇಳಿದರು.

"ಮುಗೀತು ದಾದಾ! ಅಚ್ಚಾಗಿ, ಚೌಕಟ್ಟೂ ಹಾಕಿ ಆಯ್ತು. ನಿನ್ನೇನೇ."

"ಯಾರು ಬರೆದದ್ದು? ಒಂದು ಸಲ ಕಣ್ಣಾಡಿಸಬಹುದಿತ್ತು."

"ಅಯ್ಯಯ್ಯೋ, ಬೇಡ!" ಅನಾದಿ ಎರಡು ಹೆಜ್ಜೆ ಹಿಂದೆ ಸರಿದ. "ಸಂಜೆ ನೋಡೋರಂತೆ. ಗುಟ್ಟು."

ಅವನು ಹೇಳಿದ್ದು ಹಸಿ ಸುಳ್ಳು. ಬಿನ್ನವತ್ತಳೆ ಇನ್ನೂ ಅಚ್ಚಾಗಿರಲಿಲ್ಲ. ಓಣಿಯ ಕೊನೆಯ ಮುದ್ರಣಾಲಯದಲ್ಲಿ ಆಗತಾನೆ ಅಕ್ಷರ ಜೋಡಿಸಿ ಮುಗಿದಿತ್ತು. ಭವತೋಷದಾ ಅವರ ಕೈಗೆ ಸಿಕ್ಕರೆ ಅದಕ್ಕೂ ಕೆಂಪು ಪೆನ್ಸಿಲ್ ಬೀಳುತ್ತದೆ ಎಂಬ ಹೆದರಿಕೆಗೆ ಅವನು ಹಾಗೆ ಹೇಳಿಬಿಟ್ಟಿದ್ದ. ಮುದ್ರಣಾಲಯದ ಮುದುಕ ಬೈಕುಂಠನಿಗೂ, "ಇದನ್ನ ಸಾನ್ಯಾಲ್‌ಬಾಬುಗೆ ತೋರಿಸಬೇಡ" ಎಂದು ತಾಕೀತು ಮಾಡಿ ಬಂದಿದ್ದ.

ಬೈಕುಂಠ ತಲೆಯೇನೋ ಆಡಿಸಿದ. ಆದರೆ ಮೂವತ್ತೈದು ವರ್ಷದಲ್ಲಿ ಸಾನ್ಯಾಲ್‌ಬಾಬುಗಳ ಸಹಿ ಇಲ್ಲದೆ ಅವನ ಯಂತ್ರ ಒಂದು ಮದುವೆ ಕಾಗದವನ್ನೂ ಅಚ್ಚು ಮಾಡಿರಲಿಲ್ಲ. ತಪ್ಪು ಉಳಿದರೆ ಬೈಸಿಕೊಳ್ಳುವವರು ಯಾರು? ಅನಾದಿಬಾಬು ಬರೀ ಲೇಖಕ, ಇವತ್ತು ಬರುತ್ತಾನೆ, ನಾಳೆ ಹೋಗುತ್ತಾನೆ. ಹಾಗೆಂದು ಯೋಚಿಸಿ ಬೈಕುಂಠ ಆ ನಾಲ್ಕು ಪುಟದ ಕರಡನ್ನು ಬೇರೆ ಕರಡುಗಳ ನಡುವೆ ಸೇರಿಸಿ, ಹನ್ನೊಂದು ಗಂಟೆಗೆ ತಾನೇ ತಂದು ಭವತೋಷಬಾಬುಗಳ ಮೇಜಿನ ಮೇಲಿಟ್ಟ. ಅವನಿಗೂ ಅದು ಯಾರದೆಂದು ಗೊತ್ತಿರಲಿಲ್ಲ. ಬಿನ್ನವತ್ತಳೆಗಳಲ್ಲಿ ಹೆಸರಿನ ಜಾಗ ಖಾಲಿ ಬಿಡುವುದು ಅಲ್ಲಿನ ಪದ್ಧತಿ. ಅಚ್ಚಾದ ಮೇಲೆ ಚಿತ್ರಕಾರ ಬಂದು ಚಿನ್ನದ ಶಾಯಿಯಲ್ಲಿ ಕೈಯಾರೆ ಬರೆಯುತ್ತಾನೆ.

"ಇದು ಅವಸರದ್ದು ಬಾಬು. ನಾನು ತೋರಿಸಿದೆ ಅಂತ ಯಾರಿಗೂ ಹೇಳ್ಬೇಡಿ."

ಭವತೋಷಬಾಬುಗಳು ಮಣ್ಣಿನ ಕುಡಿಕೆಯ ಚಹಾ ಹೀರುತ್ತ ಮೊದಲ ಸಾಲು ಓದಿದರು. 'ಶ್ರೀ .......... ಅವರಿಗೆ, ಸಾಹಿತ್ಯಸಮುದ್ರದ ದೀಪಸ್ತಂಭವೇ!'

ತಮ್ಮದು ನಿನ್ನೆಯೇ ಚೌಕಟ್ಟಿನೊಳಗೆ ಹೋಗಿದೆ. ಹಾಗಾದರೆ ಇದು ಯಾರದು? ಓಣಿಯಲ್ಲಿ ಇನ್ನೊಂದೇ ಸನ್ಮಾನ ಬಾಕಿ ಇತ್ತು. ಮುಂದಿನ ಭಾನುವಾರ, ಎದುರಿನ ಕೇತಕಿ ಪ್ರಕಾಶನದ ಸಂಪಾದಕ ಪಶುಪತಿ ಘಟಕ್‌ನದು.

ಪಶುಪತಿ! ಲೇಖಕರು ಬರೆದದ್ದನ್ನೆಲ್ಲ ಹಾಗೇ ಅಚ್ಚಿಗೆ ಕಳಿಸಿ, ದಪ್ಪ ದಪ್ಪ ಪುಸ್ತಕ ತರುವವನು. ಯಾರಿಗೂ ಬೇಡ ಎನ್ನಲಾರದವನು. ಅವನು ದೀಪಸ್ತಂಭವಂತೆ! ಭವತೋಷಬಾಬುಗಳು ಕುಡಿಕೆ ಕೆಳಗಿಟ್ಟು ಪೆನ್ಸಿಲ್ ಹೆರೆದರು.

ಎರಡು ಪುಟದಲ್ಲಿ ಸಮುದ್ರ ಮೂರು ಸಲ ಬಂದಿತ್ತು. ಮೂರನ್ನೂ ಇಂಗಿಸಿದರು. 'ತಮ್ಮ ಪೆನ್ಸಿಲಿನ ಮೊನೆ ಎಷ್ಟು ಕಠೋರವೋ ಹೃದಯ ಅಷ್ಟೇ ಮೃದು' ಎಂದಿತ್ತು. ಪಶುಪತಿಯ ಹತ್ತಿರ ಪೆನ್ಸಿಲ್ ಎಲ್ಲಿದೆ? ಸುಳ್ಳು, ಹೊಡಿ. 'ತಾವು ತಿದ್ದಿದ ಪುಸ್ತಕಗಳು ಹತ್ತು ಭಾಷೆಗೆ ಹೋಗಿವೆ.' ಅವು ನನ್ನ ಪುಸ್ತಕಗಳು, ಹೊಡಿ! ಮೂರನೆಯ ಪುಟಕ್ಕೆ ಬಂದಾಗ ಅವರ ಕಿವಿ ಕೆಂಪಾಯಿತು. 'ಜ್ವರದಲ್ಲಿ ಮಲಗಿದ್ದ ಅನಾಮಿಕ ಹುಡುಗನ ತಲೆದೆಸೆಯಲ್ಲಿ ಕೂತು ಬಾರ್ಲಿ ನೀರು ಕುಡಿಸಿದಿರಿ. ಜ್ವರ ಇಳಿದ ಮೇಲೆ ಮೂರನೆಯ ಅಧ್ಯಾಯ ಎಲ್ಲಿ ಎಂದು ಕೇಳಿದಿರಿ.'

"ಇದು ಅನ್ಯಾಯ!" ಎಂದು ಖಾಲಿ ಕೋಣೆಯಲ್ಲಿ ಕೂಗಿಕೊಂಡರು. ಬಾರ್ಲಿ ನೀರು ಕುಡಿಸಿದ್ದು ತಾವು. ಯಾವ ಹುಡುಗನಿಗೆ ಎಂಬುದು ಮರೆತಿತ್ತು. ಹೊಡೆದುಹಾಕಿದ್ದು ನೆನಪಿರುತ್ತದೆ, ಕುಡಿಸಿದ್ದು ಹೇಗೆ ನೆನಪಿರುತ್ತದೆ? ಆದರೆ ಕುಡಿಸಿದ್ದಂತೂ ಖರೆ. ಅದನ್ನೂ ಎತ್ತಿ ಪಶುಪತಿಯ ಕೊರಳಿಗೆ ಹಾಕಿದ್ದಾರಲ್ಲ!

ಕೊನೆಯ ಪುಟದ ಒಂದು ವಾಕ್ಯದ ಮೇಲೆ ಮಾತ್ರ ಪೆನ್ಸಿಲ್ ನಿಂತಿತು. 'ಯಾವ ಪುಟದಲ್ಲೂ ತಮ್ಮ ಹೆಸರಿಲ್ಲ. ತಮ್ಮ ಕೈ ಸೋಕದ ಪುಟವೂ ಇಲ್ಲ.' ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಎರಡು ಸಲ ಓದಿದರು. ತಮ್ಮ ಬಿನ್ನವತ್ತಳೆಯಲ್ಲಿ ಇಂಥದೊಂದು ಮಾತು ಇರುತ್ತದೋ ಇಲ್ಲವೋ. ಪಶುಪತಿಗೆ ಇದು ದಂಡ. ಭವತೋಷಬಾಬುಗಳು ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಒಳ್ಳೆಯ ವಾಕ್ಯವೊಂದನ್ನು ಒಳ್ಳೆಯದು ಎಂಬ ಕಾರಣಕ್ಕೇ ಹೊಡೆದುಹಾಕಿದರು.

ಉಳಿದದ್ದು ಇಷ್ಟು: 'ಶ್ರೀ .......... ಅವರಿಗೆ. ತಾವು ಮೂರು ದಶಕಕ್ಕೂ ಮಿಗಿಲಾಗಿ ಈ ಓಣಿಗೆ ದಿನವೂ ಹೊತ್ತಿಗೆ ಸರಿಯಾಗಿ ಬಂದಿರಿ. ನಮಸ್ಕಾರ.'

ಕೆಳಗೆ ಸಹಿ ಹಾಕಿ, 'ಅಚ್ಚಿಗೆ' ಎಂದು ಬರೆದು ಕೊಟ್ಟರು. ಮನಸ್ಸು ಹಗುರವಾಗಿತ್ತು. ಬೇಗ ಮನೆಗೆ ಹೋಗಿ ನೆರಿಗೆ ಹಿಡಿದ ಧೋತಿ ಉಟ್ಟರು.

ಸಂಜೆ ಆರಕ್ಕೆ ಸಭಾಂಗಣ ತುಂಬಿತ್ತು. ಹಾರ್ಮೋನಿಯಂ ಮುಗಿಯಿತು, ಹಣೆಗೆ ಗಂಧ ಬಿತ್ತು, ಹೆಗಲಿಗೆ ಶಾಲು ಬಿತ್ತು. ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟ ನೀಹಾರಬಾಲಾ, ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿದ ಪಟೋಲ್. ವೇದಿಕೆಯ ನಡುವೆ ಕೆಂಪು ರೇಷ್ಮೆ ಹೊದಿಸಿದ ದೊಡ್ಡ ಚೌಕಟ್ಟು. ಭವತೋಷಬಾಬುಗಳು ತಲೆ ತಗ್ಗಿಸಿ, ಕಿವಿ ಮಾತ್ರ ನೆಟ್ಟಗೆ ಮಾಡಿಕೊಂಡು ಕೂತರು. ಬಿನ್ನವತ್ತಳೆ ಓದಲು ಎದ್ದವನು ಪಶುಪತಿ ಘಟಕ್! ದೊಡ್ಡ ಮನಸ್ಸು ಮಾಡಿ ಬಂದಿದ್ದಾನೆ ಎಂದುಕೊಂಡರು.

ಪಶುಪತಿ ರೇಷ್ಮೆ ಸರಿಸಿದ. ನಾಲ್ಕು ಪುಟಕ್ಕೆಂದು ಮಾಡಿಸಿದ್ದ, ಬಾಗಿಲಿನಷ್ಟು ದೊಡ್ಡ ಚೌಕಟ್ಟು. ನಡುವೆ ಎರಡೇ ಸಾಲು.

"ಶ್ರೀ ಭವತೋಷ ಸಾನ್ಯಾಲ್ ಅವರಿಗೆ. ತಾವು ಮೂರು ದಶಕಕ್ಕೂ ಮಿಗಿಲಾಗಿ ಈ ಓಣಿಗೆ ದಿನವೂ ಹೊತ್ತಿಗೆ ಸರಿಯಾಗಿ ಬಂದಿರಿ. ನಮಸ್ಕಾರ."

ಸಭೆ ಇನ್ನೂ ಇದೆಯೇನೋ ಎಂದು ಕಾಯಿತು. ಇರಲಿಲ್ಲ. ಬೆಳಿಗ್ಗೆ ತಾವೇ ಸಹಿ ಹಾಕಿ ಅಚ್ಚಿಗೆ ಕೊಟ್ಟ ಸಾಲುಗಳ ಗುರುತು ಭವತೋಷಬಾಬುಗಳಿಗೆ ಸಿಕ್ಕಿತು. ಪಟೋಲನ ಪಿಸುಮಾತು ವೇದಿಕೆಗೂ ಕೇಳಿಸಿತು: "ನಮ್ಮಲ್ಲಿ ಗೇಟ್ ಕಾಯೋನಿಗೂ ಇದಕ್ಕಿಂತ ಉದ್ದ ಬರೀತಾರಕ್ಕಾ."

ಪಶುಪತಿ ಕಣ್ಣೊರೆಸಿಕೊಂಡ. "ನಾನು ನಾಲ್ಕು ಪುಟ ಬರೆದಿದ್ದೆ. ಸಂಜೆ ಅಚ್ಚಾಗಿ ಬಂದದ್ದು ನೋಡಿ ಗಾಬರಿಯಾಯ್ತು. ವಿಚಾರಿಸಿದ್ರೆ, ಭವತೋಷದಾ ಅವರೇ ಕೈಯಾರೆ ಕತ್ತರಿಸಿದಾರಂತೆ! ಮಹನೀಯರೇ, ತನ್ನ ಹೊಗಳಿಕೆ ತಾನೇ ಹೊಡೆದುಹಾಕಿಕೊಂಡ ಮನುಷ್ಯನನ್ನ ನೀವು ಎಲ್ಲಾದ್ರೂ ಕಂಡಿದೀರಾ?"

ಚಪ್ಪಾಳೆ ಛಾವಣಿಗೆ ಮುಟ್ಟಿತು. ಅನಾದಿ ಮುಸ್ತಫಿ ಗೊಳೋ ಎಂದ. ಹಾರ ಹಾಕುವ ನೆವದಲ್ಲಿ ಪಶುಪತಿ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ದಾದಾ, ಆ ಜ್ವರದ ಹುಡುಗ ನಾನೇ. ನಿಮಗೆ ನೆನಪಿಲ್ಲ. ಮೂರನೇ ಅಧ್ಯಾಯ ನನ್ನಿಂದ ಬರೆಯೋಕಾಗ್ಲಿಲ್ಲ, ನಿಮ್ಮ ಹಾಗಾಗಬೇಕು ಅಂತ ಸಂಪಾದಕ ಆದೆ. ಕತ್ತರಿಸೋದು ಮಾತ್ರ ಬರಲಿಲ್ಲ."

ಭವತೋಷಬಾಬುಗಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅದನ್ನೂ ಸಭೆ ವಿನಯವೆಂದೇ ತಿಳಿದು ಇನ್ನಷ್ಟು ಚಪ್ಪಾಳೆ ತಟ್ಟಿತು.

"ಒಂದೇ ಬೇಡಿಕೆ," ಪಶುಪತಿ ಈಗ ಎಲ್ಲರಿಗೂ ಕೇಳುವಂತೆ ಅಂದ. "ಮುಂದಿನ ಭಾನುವಾರ ನನ್ನ ಬಿನ್ನವತ್ತಳೆ ಭವತೋಷದಾನೇ ಬರೀಬೇಕು. ನಾಲ್ಕು ಪುಟ! ನಾನು ನಿಮ್ಮಷ್ಟು ದೊಡ್ಡವನಲ್ಲ ದಾದಾ, ನಂಗೆ ಒಂದಕ್ಷರ ಕಮ್ಮಿಯಾದ್ರೂ ಬೇಜಾರಾಗತ್ತೆ."

ಮನೆಗೆ ಹೋಗುವ ಟ್ರ್ಯಾಮಿನಲ್ಲಿ ಚೌಕಟ್ಟಿಗೇ ಎರಡು ಜನರ ಜಾಗ ಬೇಕಾಯಿತು. ನೀಹಾರಬಾಲಾ ಅದನ್ನು ಇನ್ನೊಮ್ಮೆ ಓದಿಕೊಂಡರು. "ಮೂವತ್ತೈದು ವರ್ಷ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋದ್ರಿ. ಮನೆಗೆ ಒಂದು ದಿನವಾದ್ರೂ ಬಂದ್ರಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಭವತೋಷಬಾಬುಗಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಾಲ್ಕು ಪುಟ ಇತ್ತಂತೆ!" ಪಟೋಲ್ ಕಿಟಕಿಯ ಕಡೆ ತಿರುಗಿ ನಕ್ಕ. "ಕೈ ಜಾರಿದ ಮೀನು ಯಾವಾಗಲೂ ದೊಡ್ಡದೇ."

ಭವತೋಷಬಾಬುಗಳು ಕಣ್ಣು ಮುಚ್ಚಿದರು. ಹೊಡೆದುಹಾಕಿದ್ದು ಯಾವುದೂ ಮರೆಯುವ ಜಾತಿಯಲ್ಲವಲ್ಲ ಅವರು! ಒಂದೊಂದೇ ವಾಕ್ಯ ತಾನಾಗಿ ತುಟಿಗೆ ಬಂತು. ಕಠೋರ ಪೆನ್ಸಿಲ್, ಮೃದು ಹೃದಯ. ಹತ್ತು ಭಾಷೆ. ಬಾರ್ಲಿ ನೀರು. ಬರಬರುತ್ತ ದನಿ ಏರಿತು, ಎದುರು ಸೀಟಿನವರು ಮಾತು ನಿಲ್ಲಿಸಿದರು, ಟಿಕೆಟ್ ಕೊಡುವವನೂ ಕಂಬಿ ಹಿಡಿದು ನಿಂತ. 'ಯಾವ ಪುಟದಲ್ಲೂ ತಮ್ಮ ಹೆಸರಿಲ್ಲ. ತಮ್ಮ ಕೈ ಸೋಕದ ಪುಟವೂ ಇಲ್ಲ' ಎಂಬಲ್ಲಿಗೆ ಬಂದು ನಿಲ್ಲಿಸಿ ಕಣ್ಣು ತೆರೆದರು.

ಪಟೋಲ್ ಕಾಲ ಮೇಲಿನ ಕಾಲು ಇಳಿಸಿದ. ಕನ್ನಡಕ ತೆಗೆದು ಒರೆಸಿಕೊಂಡ. ಭವತೋಷಬಾಬುಗಳು ಆಸೆಯಿಂದ ಅವನ ಮುಖ ನೋಡಿದರು.

"ಅಬ್ಬಾ, ಜಾಮಾಯಿಬಾಬು! ಪಶುಪತಿಬಾಬುಗೆ ಬರೆಯೋದನ್ನ ಟ್ರ್ಯಾಮಲ್ಲೇ ಮುಗಿಸಿಬಿಟ್ರಲ್ಲ! ಆ ಮನುಷ್ಯ ಇಷ್ಟು ದೊಡ್ಡವರು ಅಂತ ನಂಗೆ ಗೊತ್ತೇ ಇರಲಿಲ್ಲ. ನೋಡಿ, ಸಂಪಾದಕ ಅಂದ್ರೆ ಹಾಗಿರಬೇಕು."

"ಅಲ್ಲಯ್ಯಾ, ಅದು ನನ್ನ..." ಎಂದರು ಭವತೋಷಬಾಬುಗಳು. ತೊಡೆಗೆ ಒರಗಿಸಿದ್ದ ಚೌಕಟ್ಟಿನಲ್ಲಿ ಅವರೇ ಸಹಿ ಹಾಕಿ ಅಚ್ಚಿಗೆ ಕಳಿಸಿದ ಎರಡು ಸಾಲು ಚಿನ್ನದ ಹೆಸರಿನ ಸಮೇತ ಅವರನ್ನೇ ನೋಡುತ್ತಿತ್ತು.

ನೀಹಾರಬಾಲಾ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು ಗಂಡನ ಕೈ ಹಿಡಿದರು.

"ಎಷ್ಟು ಚೆನ್ನಾಗಿದೇರೀ! ಇದನ್ನ ಮಾತ್ರ ಹೊಡೆದುಹಾಕಬೇಡಿ, ಹೀಗೇ ಬರೆದುಕೊಡಿ. ಪಾಪ, ಅವರ ಮನೇಲೂ ಗೋಡೆಗೆ ಒಂದು ಮೊಳೆ ಹೊಡೆಸಿರ್ತಾರೆ."