ಸರ್ವೆಯರು ಅಳೆದ ಮಾಯಾರಾಜ್ಯ

ಕಾದಂಬರಿ ಬರೆಯುವ ಚಟ ಅಂಟಿಸಿಕೊಂಡವನ ಮಾನ ತೆಗೆಯಲು ವಿಮರ್ಶಕರು ಬೇಕಾಗಿಲ್ಲ, ಕೈಗೆ ಸಿಕ್ಕವರೆಲ್ಲ ತೆಗೆಯುತ್ತಾರೆ. ನಾನು ಶ್ರೀರಂಗಪಟ್ಟಣದಲ್ಲಿ ಸಂಸಾರ ಹೂಡಿರುವ ಸರ್ವೆಯರು. ವಾರವೆಲ್ಲ ಜನರ ಜಮೀನು ಅಳೆಯುತ್ತೇನೆ, ಭಾನುವಾರ ರಾಕ್ಷಸರಿರುವ ಒಂದು ಮಾಯಾರಾಜ್ಯದ ಕಥೆ ಬರೆಯುತ್ತೇನೆ. ಆರು ವರ್ಷದಿಂದ ನನಗಿರುವುದು ಒಂದೇ ಆಸೆ: ನನ್ನ ಹೆಂಡತಿ ಅದನ್ನು ಕೊನೇ ಪುಟದವರೆಗೆ ಓದಬೇಕು.

೧. ಊರಿದೆ, ಜನರಿಲ್ಲ

ಮೊದಲ ಎಂಬತ್ತು ಪುಟ ಅವಳ ಕೈಗಿಟ್ಟೆ. ಏಳು ಬೆಟ್ಟ, ಮೂರು ನದಿ, ಕೋಟೆಯ ಉದ್ದಗಲ, ಕೆರೆ ಏರಿಯ ಎತ್ತರ, ಯಾವುದನ್ನೂ ಬಿಟ್ಟಿರಲಿಲ್ಲ. ಅವರೆಕಾಯಿ ಸುಲಿಯುತ್ತ ಹನ್ನೆರಡು ಪುಟ ಓದಿ ಕೆಳಗಿಟ್ಟಳು.

"ಊರೇನೋ ಚೆನ್ನಾಗೈತೆ ಕಣ್ರೀ. ಒಂದ್ ನರಪಿಳ್ಳೆನೂ ಕಾಣ್ತಿಲ್ವಲ್ಲ?"

"ವೀರ ಎಂಬತ್ತೊಂದನೇ ಪುಟಕ್ಕೆ ಬರ್ತಾನೆ."

"ಅಂಗಾದ್ರೆ ಬಂದ್ಮೇಲೆ ಕರೀರಿ," ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

೨. ಬೆಂಕಿ ಬೆಟ್ಟ ಯಾರ ಪಾಲಿಗೆ?

ತೊಣ್ಣೂರಿನ ಹತ್ತಿರ ಅಣ್ಣತಮ್ಮಂದಿರ ಗದ್ದೆಯ ಗಡಿ ಗುರುತಿಸಲು ಹೋಗಿದ್ದೆ. ಅವರಿಬ್ಬರ ನಡುವೆ ಮಾತುಕತೆ ನಿಂತಿತ್ತು. ಆತುರದಲ್ಲಿ ಫೈಲಿನಿಂದ ನಕ್ಷೆ ತೆಗೆದು ಬದುವಿನ ಮೇಲೆ ಹರಡಿದೆ. ಅದು ನನ್ನ ಮಾಯಾರಾಜ್ಯದ ನಕ್ಷೆ. ಅಭ್ಯಾಸಬಲ, ಅದಕ್ಕೂ ಗಡಿಕಲ್ಲು, ಬಾವಿ, ಮರ ಎಲ್ಲ ಗುರುತು ಮಾಡಿದ್ದೆ.

ಅಣ್ಣ ಬಗ್ಗಿ ನೋಡಿದ. "ಸಾ, ನಮ್ ಗದ್ದೇಲಿ ಬೆಂಕಿ ಬೆಟ್ಟ ಎಲ್ಲೈತೆ ಸಾ?"

"ಅದು ಅಣ್ಣನ ಪಾಲ್ಗೇ ಇರ್ಲಿ ಬುಡಿ ಸಾ," ಎಂದ ತಮ್ಮ.

ನಾಚಿಕೊಂಡು, ಇದು ಕಥೆಗೆ ಬರೆದದ್ದು ಎಂದೆ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಪರೀಕ್ಷೆ ಮಾಡಿದರು.

"ಅರಮನೆಗೆ ಬಂಡಿದಾರಿನೇ ಬುಟ್ಟಿಲ್ವಲ್ಲ ಸಾ," ಎಂದ ತಮ್ಮ.

"ಊಂ ಕಣ್ಲಾ. ರಾಜ ದಿನಾ ಯಾರ್ ಗದ್ದೆ ತುಳ್ಕಂಡ್ ಓಡಾಡ್ತಾನೆ?" ಎಂದ ಅಣ್ಣ.

ಇಷ್ಟು ವರ್ಷ ಅಳೆದೂ ನನಗದು ಹೊಳೆದಿರಲಿಲ್ಲ. ಮೂರು ವರ್ಷದ ಮೇಲೆ ಅವರಿಬ್ಬರೂ ಮಾತಾಡಿದ್ದು ಅವತ್ತೇ ಅಂತೆ, ಅದೂ ನನ್ನನ್ನು ಬೈಯಲು.

೩. ಬಂಡೆ ಬಿಟ್ಟೇಳದ ವೀರ

ನೆಲದ ಸಹವಾಸ ಸಾಕು, ಇನ್ನು ಪಾತ್ರದ ಮನಸ್ಸಿಗೇ ಇಳಿಯೋಣ ಎಂದುಕೊಂಡೆ. ವೀರನನ್ನು ಒಂದು ಬಂಡೆಯ ಮೇಲೆ ಕೂರಿಸಿ ಬಾಲ್ಯದ ದುಃಖ ನೆನೆಸಿಕೊಳ್ಳಲು ಬಿಟ್ಟೆ. ಆಗ ನನಗೆ ನಾಗಮಂಗಲದ ಕಡೆ ಕೆಲಸ. ಅಲ್ಲಿನ ಡಿಟಿಪಿ ಅಂಗಡಿಯ ಹೆಣ್ಣುಮಗಳು ಟೈಪು ಮಾಡಿಕೊಡುತ್ತಿದ್ದಳು.

"ಸಾರ್, ನಿನ್ನೆ ಪುಟಾನೇ ತಿರ್ಗಾ ಕೊಟ್ಟಿದೀರಾ."

"ಇಲ್ಲಮ್ಮ, ಹೊಸದು. ಇನ್ನೂ ಯೋಚನೆ ಮಾಡ್ತಿದ್ದಾನೆ."

"ಕೂತು ಮೂರ್ ದಿನ ಆಯ್ತು ಸಾರ್," ಎಂದು ನಿಟ್ಟುಸಿರು ಬಿಟ್ಟಳು. "ಊಟಕ್ಕಾದ್ರೂ ಎಬ್ಬುಸಿ."

೪. ಅತ್ತೆಯ ಪ್ರಶ್ನೆ

ಕೊನೆಗೆ ಹೆಂಡತಿ ಒಂದು ಷರತ್ತು ಹಾಕಿದಳು. "ನಮ್ಮವ್ವ ಒಂದ್ ಅಧ್ಯಾಯ ಕೂತ್ ಕೇಳುದ್ರೆ ನಾನು ಪೂರ್ತಿ ಓದ್ತೀನಿ."

ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಲ್ಲಿ ಅತ್ತೆ ಎಮ್ಮೆ ಸಾಕಿ ಡೈರಿಗೆ ಹಾಲು ಹಾಕುತ್ತಾರೆ. ಅವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಪಕ್ಕದಲ್ಲಿ ನಿಂತು ಓದಿದೆ. ವೀರ ಕತ್ತಿ ಹಿರಿದು ರಾಕ್ಷಸನನ್ನು ಕೊಲ್ಲಲು ಗುಡಿಸಲಿನಿಂದ ಹೊರಟ. ಅತ್ತೆ ಕೈ ನಿಲ್ಲಿಸಿದರು.

"ಅಳಿಯಂದ್ರೇ, ಎಮ್ಮೆ?"

"ಯಾವ ಎಮ್ಮೆ?"

"ಗುಡ್ಲಲ್ಲಿ ಅವ್ನೂ ಒಂದ್ ಎಮ್ಮೇನೂ ಇದ್ರು ಅಂತ ಈಗ್ತಾನೆ ಓದುದ್ರಲ್ಲ. ಇವ್ನು ಹೊಂಟೋದ್ರೆ ಹಾಲ್ ಕರೆಯೋರ್ಯಾರು? ಕೆಚ್ಚಲು ಬಾತ್ಕಳಾಕಿಲ್ವಾ? ಇಂಥೋನು ರಾಜ್ಯ ಉಳಿಸ್ತಾನಾ?"

ಎಮ್ಮೆಯನ್ನು ಗುಡಿಸಲು ಖಾಲಿ ಕಾಣಬಾರದೆಂದು ಕಟ್ಟಿದ್ದೆ, ಅಷ್ಟೆ. ನಿಜಕ್ಕೂ ನಾಚಿಕೆಯಾಯಿತು. ಊರಿಗೆ ಬಂದು ಎಲ್ಲ ಹೊಸದಾಗಿ ಬರೆದೆ. ವೀರ ಅರ್ಧ ದಾರಿಯಿಂದ ವಾಪಸು ಬಂದು ಎಮ್ಮೆಯನ್ನೂ ಹೊಡೆದುಕೊಂಡು ಹೊರಟ. ಅದು ನಡೆಯಲು ಬಂಡಿದಾರಿ ಬಿಟ್ಟೆ. ಹಾಲು ಕರೆಯುವ ಹೊತ್ತಾಯಿತೆಂದು ಅವನೂ ಬಂಡೆಯಿಂದೆದ್ದ. ನಡುವೆ ಕಾಡಿನಲ್ಲಿ ಎಮ್ಮೆಯನ್ನು ಕಳೆದೂ ಹಾಕಿದೆ. ಆರು ವರ್ಷದಲ್ಲಿ ಮೊದಲ ಸಲ ಕಥೆ ನಡೆಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಎರಡನೇ ಸಲ ಅತ್ತೆ ಅಧ್ಯಾಯ ಮುಗಿಯುವವರೆಗೆ ಕೇಳಿದರು. ಹೆಂಡತಿಯೂ ಮಾತಿಗೆ ತಪ್ಪದೆ ಓದಲು ಕೂತಳು. ನಾಲ್ಕನೇ ದಿನ ನೋಡುತ್ತೇನೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಹತ್ತಿರ ಹೋಗಿ ಕೂತೆ.

"ವೀರ ಸಾಯೋದು ಓದಿ ಅಳು ಬಂತಾ?"

"ಅಯ್ಯೋ, ಅವ್ನು ಸತ್ತೋದ್ನಾ?" ಎಂದಳು. "ಕಳ್ದೋಗಿದ್ ಎಮ್ಮೆ ಸಿಕ್ತಲ್ಲ, ಅಲ್ಲಿಗೆ ಮುಗೀತು ಅಂತ ಮಡಗ್ಬುಟ್ಟೆ ಕಣ್ರೀ."